ಲಿಗಮೆಂಟ್ ಗಟ್ಟಿ, ತೊಡೆ ಖಾಲಿ: ಮಂಡಿ ಆಪರೇಷನ್ ಆದ ಯಕ್ಷಗಾನ ಕಲಾವಿದನ ಹನ್ನೊಂದು ತಿಂಗಳು

ಅವನು ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಮೊದಲು ಬಂದದ್ದು ಸೆಪ್ಟೆಂಬರ್ ಕೊನೆಯ ವಾರ. ಕಾರ್ಕಳದ ಆಚೆಯ ಹಳ್ಳಿಯಿಂದ ಎರಡು ಬಸ್ಸು ಹತ್ತಿ ಉಡುಪಿಗೆ ಬಂದಿದ್ದ. ನಮ್ಮದು ಮೊದಲ ಮಹಡಿ, ಹದಿನೆಂಟು ಮೆಟ್ಟಿಲು. ಒಳಗೆ ಕೂತಲ್ಲೇ ನನಗೆ ಮೆಟ್ಟಿಲಿನ ಸದ್ದು ಕೇಳುತ್ತದೆ. ಒಂದು ಹೆಜ್ಜೆ ಮೆಲ್ಲಗೆ, ಮುಂದಿನದು ಧಡ್ ಅಂತ. ನಡುವೆ ಎರಡು ಸಲ ನಿಂತ. ಬಾಗಿಲಿಗೆ ಬಂದಾಗ ಬಲಗೈಯಿಂದ ಬಲತೊಡೆಯನ್ನು ಒತ್ತಿ ಹಿಡಿದುಕೊಂಡಿದ್ದ.

ವಯಸ್ಸು 24. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಮೇಳವೊಂದರಲ್ಲಿ ಪುಂಡುವೇಷದ, ಅಂದರೆ ಚುರುಕಿನ ತರುಣ ವೀರರ ಪಾತ್ರದ, ಕಲಾವಿದ. ಅಭಿಮನ್ಯು, ಬಭ್ರುವಾಹನ, ಚಂಡ-ಮುಂಡರಂಥ ವೇಷಗಳು. ಹೆಸರು, ಊರು, ಮೇಳ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಉಳಿದದ್ದನ್ನು ಬರೆಯಲು ಅವನೇ ಒಪ್ಪಿದ್ದಾನೆ. ನಮ್ಮ ಮಾತೆಲ್ಲ ತುಳುವಿನಲ್ಲೇ ಆದದ್ದು, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.

"ಲಿಗಮೆಂಟ್ ಒಳ್ಳೆ ಕೂತಿದೆ ಅಂತ ಡಾಕ್ಟ್ರು ಹೇಳ್ತಾರೆ ಮೇಡಂ. ನೋವೂ ಇಲ್ಲ. ಆದ್ರೆ ತೊಡೆ ನಂದಲ್ಲ ಅಂತ ಆಗ್ತದೆ. ಸ್ವಲ್ಪ ನಡೆದ್ರೆ ಖಾಲಿ."

ಖಾಲಿ ಅನ್ನುವ ಆ ಮಾತನ್ನು ನಾನು ಹಾಗೇ ಬರೆದಿಟ್ಟುಕೊಂಡೆ.

ಪೆಟ್ಟು ಬಿದ್ದದ್ದು ಹೇಗೆ

ಮಾರ್ಚ್ ತಿಂಗಳ ಒಂದು ಬಯಲಾಟ. ಪುಂಡುವೇಷ ಅಂದ ಮೇಲೆ ಧೀಂಗಿಣ ಇದ್ದದ್ದೇ. ಮೇಲೆ ಹಾರಿ, ಗಾಳಿಯಲ್ಲೇ ಮೈ ಸುತ್ತಿಸಿ, ಚೆಂಡೆಯ ಪೆಟ್ಟಿಗೆ ಸರಿಯಾಗಿ ಇಳಿಯಬೇಕು. ಒಂದಲ್ಲ, ಸಾಲಾಗಿ ಹತ್ತು, ಇಪ್ಪತ್ತು. ಅವತ್ತು ಎಂಟನೆಯದೋ ಒಂಬತ್ತನೆಯದೋ ಇಳಿಯುವಾಗ ಬಲಗಾಲು ನೆಲದಲ್ಲೇ ಉಳಿಯಿತು, ಮೈ ತಿರುಗಿಬಿಟ್ಟಿತು. ಮಂಡಿಯೊಳಗೆ ಟಕ್ ಅಂದದ್ದು ಚೆಂಡೆಯ ಸದ್ದಿನಲ್ಲೂ ಅವನಿಗೆ ಕೇಳಿತಂತೆ. ವೇಷ ಕಟ್ಟುವ ಚೌಕಿಗೆ ಬಂದು ಗೆಜ್ಜೆ ಬಿಚ್ಚುವಷ್ಟರಲ್ಲಿ ಮಂಡಿ ಊದಿತ್ತು. ಟಕ್ ಅನ್ನುವುದು, ಒಂದೆರಡು ಗಂಟೆಯೊಳಗೆ ಊತ ಬರುವುದು, ಇವೆರಡೂ ಒಟ್ಟಿಗೆ ಇದ್ದರೆ ಎಸಿಎಲ್ ಹರಿದಿರಬಹುದು ಅಂತ ಮೊದಲು ಅನುಮಾನ ಪಡಬೇಕು.

ಎಸಿಎಲ್ ಅಂದರೆ ತೊಡೆಯ ಮೂಳೆಯನ್ನೂ ಮೊಣಕಾಲಿನ ಕೆಳಗಿನ ಮೂಳೆಯನ್ನೂ ಮಂಡಿಯ ಒಳಗೆ ಓರೆಯಾಗಿ ಕಟ್ಟಿರುವ ಗಟ್ಟಿ ಪಟ್ಟಿ. ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ, ತಿರುಚಿಕೊಳ್ಳದ ಹಾಗೆ ಅದು ಹಿಡಿದಿಡುತ್ತದೆ. ಹಾರಿ ತಿರುಗಿ ಒಂದೇ ಕಾಲಿನಲ್ಲಿ ಇಳಿಯುವವರಿಗೆ ಅದಿಲ್ಲದೆ ಕಷ್ಟ. ಕಬಡ್ಡಿ ಆಡುವವರಿಗೂ ಅಷ್ಟೆ.

ಆದರೆ ಅವನು ಮೇಳ ಬಿಡಲಿಲ್ಲ. ಪತ್ತನಾಜೆಗೆ ತಿರುಗಾಟ ಮುಗಿಯುವ ತನಕ, ಅಂದರೆ ಮೇ ಕೊನೆಯವರೆಗೆ, ಮಂಡಿಗೆ ಬ್ಯಾಂಡೇಜ್ ಸುತ್ತಿಕೊಂಡು ಸಣ್ಣಪುಟ್ಟ ವೇಷ ಮಾಡಿದ. ಎರಡು ಸಲ ಮಂಡಿ ಕೈಕೊಟ್ಟಿತು. ಎಂಆರ್‌ಐ ಆದಾಗ ಮೆನಿಸ್ಕಸ್, ಅಂದರೆ ಮಂಡಿಯ ಮೂಳೆಗಳ ನಡುವಿನ ಮೆತ್ತೆ, ಹರಿಯದೆ ಉಳಿದಿತ್ತು. ಅದು ದೊಡ್ಡ ಪುಣ್ಯ. ಜೂನ್ ನಡುವಿನಲ್ಲಿ ಆಪರೇಷನ್ ಆಯಿತು. ಅದೇ ಕಾಲಿನ ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿನ ನರಪಟ್ಟಿ (ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್) ತೆಗೆದು, ಮಡಚಿ, ಮೂಳೆಯೊಳಗೆ ತೂತು ಕೊರೆದು ಹೊಸ ಲಿಗಮೆಂಟ್ ಮಾಡಿ ಕೂರಿಸಿದ್ದರು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಪೆಟ್ಟು ಬಿದ್ದ ದಿನದಿಂದ ಆಪರೇಷನ್ನಿನ ತನಕ ಮೂರು ತಿಂಗಳು ತೊಡೆಯ ಬಗ್ಗೆ ಯಾರೂ ಮಾತಾಡಿರಲಿಲ್ಲ. ಆಪರೇಷನ್ನಿಗೆ ಮೊದಲೇ ತೊಡೆ ಸೋತಿದ್ದರೆ ಆಮೇಲೆ ಅದನ್ನು ಎಬ್ಬಿಸುವುದು ಇನ್ನೂ ಕಷ್ಟ. ಊತ ಇಳಿಸಿ, ಕಾಲು ಪೂರ್ತಿ ನೆಟ್ಟಗಾಗುವಂತೆ ಮಾಡಿ, ತೊಡೆಗೆ ನಾಲ್ಕೈದು ವಾರ ಕೆಲಸ ಕೊಟ್ಟು ಆಪರೇಷನ್ನಿಗೆ ಹೋಗುವವರು ಆಮೇಲೆ ಬೇಗ ಚೇತರಿಸುತ್ತಾರೆ. ಆ ಮೂರು ತಿಂಗಳು ಹಾಳಾದದ್ದಕ್ಕೆ ನನಗೆ ಈಗಲೂ ಬೇಜಾರಿದೆ.

ನಾನು ಕಂಡದ್ದು

ಮೊದಲು ಬೇರೆ ಕಾರಣ ಇದೆಯಾ ಅಂತ ನೋಡಿದೆ. ಜ್ವರ ಇಲ್ಲ, ಮಂಡಿ ಕೆಂಪಾಗಿಲ್ಲ, ಮೀನಖಂಡದಲ್ಲಿ ನೋವು ಬಾವು ಇಲ್ಲ. ಮಂಡಿ ತಟ್ಟಿದರೆ ಕಾಲು ಎಗರುತ್ತದೆ, ಚರ್ಮದ ಸ್ಪರ್ಶ ಸರಿ ಇದೆ. ಹಾಗಾಗಿ ಸೋಂಕು, ರಕ್ತ ಹೆಪ್ಪುಗಟ್ಟುವುದು, ನರಕ್ಕೆ ಪೆಟ್ಟು ಅನ್ನುವ ಅನುಮಾನ ಬಿಟ್ಟೆ. ಹೊಸ ಲಿಗಮೆಂಟ್ ಎಳೆದು ನೋಡಿದರೆ ಗಟ್ಟಿಯಾಗಿ ನಿಲ್ಲುತ್ತಿತ್ತು. ಸರ್ಜನ್ ಹೇಳಿದ್ದು ಸರಿಯೇ.

ಆಮೇಲೆ ಊತ. ಕಣ್ಣಿಗೆ ಮಂಡಿ ಸರಿಯಾಗೇ ಕಾಣುತ್ತಿತ್ತು. ಮಂಡಿಯ ಒಳಬದಿಯಲ್ಲಿ ಅಂಗೈಯಿಂದ ಮೇಲಕ್ಕೆ ಒರೆಸಿದೆ, ಒಳಗಿನ ನೀರು ಮೇಲೆ ಸರಿಯಲಿ ಅಂತ. ಹೊರಬದಿಯಿಂದ ಕೆಳಕ್ಕೆ ಒರೆಸಿದೆ. ಒಳಬದಿಯ ಗುಳಿಯಲ್ಲಿ ಸಣ್ಣ ಅಲೆಯೊಂದು ಎದ್ದು ಮೆಲ್ಲ ತುಂಬಿಕೊಂಡಿತು. ಅವನಿಗೂ ತೋರಿಸಿದೆ. "ಇದು ನೀರಾ ಮೇಡಂ?" ಅಂತ ಬಗ್ಗಿ ನೋಡಿದ. ಹದಿನಾಲ್ಕು ವಾರ ಕಳೆದರೂ ಮಂಡಿಯೊಳಗೆ ನೀರು ಉಳಿದಿತ್ತು.

ಕಾಲು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಎಡಗಾಲಿಗೆ ಹೋಲಿಸಿದರೆ 5 ಡಿಗ್ರಿ ಬಾಕಿ. ಕಾರಣ ಕೇಳಿದರೆ, ಆರಾಮ ಅಂತ ದಿನಾ ರಾತ್ರಿ ಮಂಡಿಯ ಕೆಳಗೆ ತಲೆದಿಂಬು ಇಟ್ಟು ಮಲಗುತ್ತಿದ್ದ. ಬೇಡ ಅಂತ ಯಾರೂ ಹೇಳಿರಲಿಲ್ಲ. 5 ಡಿಗ್ರಿ ಕೇಳಲು ಸಣ್ಣದು. ಆದರೆ ಸ್ವಲ್ಪ ಬಗ್ಗಿದ ಮಂಡಿಯಲ್ಲಿ ನಿಂತವರ ತೊಡೆಗೆ ನಿಂತಲ್ಲೂ ಬಿಡುವಿಲ್ಲ. ಬೇಕಾದರೆ ಈಗಲೇ ಎದ್ದು ನಿಂತು ಮಂಡಿ ಕೊಂಚ ಬಗ್ಗಿಸಿ ಎರಡು ನಿಮಿಷ ನೋಡಿ, ತೊಡೆ ಬಿಸಿಯಾಗುತ್ತದೆ. ಅವನು ದಿನವಿಡೀ ಹಾಗೇ ಇದ್ದ.

ಮಂಡಿಚಿಪ್ಪಿನಿಂದ 10 ಸೆಂಟಿಮೀಟರ್ ಮೇಲೆ ಟೇಪು ಹಿಡಿದರೆ ಬಲತೊಡೆ ಮೂರೂವರೆ ಸೆಂಟಿಮೀಟರ್ ಸಣ್ಣ. ಟೇಪಿನ ಲೆಕ್ಕವನ್ನು ನಾನು ಜಾಸ್ತಿ ನಂಬುವುದಿಲ್ಲ. ಸುತ್ತಳತೆ ಸಮ ಆದರೂ ಬಲ ಸಮ ಆಗಿರುವುದಿಲ್ಲ. ಅದಕ್ಕೇ ಬಲವನ್ನೇ ಅಳೆದೆ. ಮೇಜಿನ ಮೇಲೆ ಕೂರಿಸಿ, ಮಂಡಿ 90 ಡಿಗ್ರಿ ಬಗ್ಗಿಸಿ, ಕಾಲಿನ ಗಂಟಿನ ಹತ್ತಿರ ಬೆಲ್ಟು ಹಾಕಿ, ಬಲ ಅಳೆಯುವ ಯಂತ್ರಕ್ಕೆ ಎದುರಾಗಿ ಒದೆಯಲು ಹೇಳಿದೆ. ಎಡಗಾಲು 52 ಕೆಜಿ. ಬಲಗಾಲು 27. ನೂರಕ್ಕೆ 52.

ಕುರ್ಚಿಯಿಂದ ಒಂದೇ ಕಾಲಿನಲ್ಲಿ ಏಳಲು ಹೇಳಿದೆ. ಎಡಗಾಲಿನಲ್ಲಿ 22 ಸಲ ಎದ್ದ. ಬಲಗಾಲಿನಲ್ಲಿ ನಾಲ್ಕು. ಐದನೆಯದಕ್ಕೆ ಮಂಡಿಚಿಪ್ಪಿನ ಮೇಲೆ, ಒಳಬದಿಯಲ್ಲಿ, ಸ್ನಾಯು ತರತರ ನಡುಗಿ ಹಾಗೇ ಕೂತುಬಿಟ್ಟ. ಅವನ ಮುಖ ನೋಡಲಾಗಲಿಲ್ಲ.

ಖಾಲಿ ಯಾಕೆ ಆಗುತ್ತದೆ

ತೊಡೆಯ ಮುಂಭಾಗದಲ್ಲಿ ನಾಲ್ಕು ಸ್ನಾಯುಗಳ ಒಂದು ಗುಂಪಿದೆ. ಕ್ವಾಡ್ರಿಸೆಪ್ಸ್ ಅನ್ನುತ್ತೇವೆ. ಮೆಟ್ಟಿಲು ಹತ್ತುವುದು, ಇಳಿಯುವುದು, ಹಾರಿ ನೆಲಕ್ಕೆ ಬರುವುದು ಎಲ್ಲ ಅದರ ಕೆಲಸ. ಅದನ್ನು ಆಪರೇಷನ್ನಿನಲ್ಲಿ ಯಾರೂ ಮುಟ್ಟಿರಲಿಲ್ಲ. ನರಪಟ್ಟಿ ತೆಗೆದದ್ದು ಹಿಂಬದಿಯಿಂದ. ಹಾಗಿದ್ದರೆ ಮುಂಬದಿ ಯಾಕೆ ಸೋತಿತು? ಅವನ ಅಮ್ಮ ಕೇಳಿದ್ದೂ ಇದನ್ನೇ.

ಅವರಿಗೆ ನಾನು ತೋಟದ ಪಂಪಿನ ಉದಾಹರಣೆ ಕೊಟ್ಟೆ. ಏಪ್ರಿಲ್ ತಿಂಗಳಲ್ಲಿ ಪಂಪು ಸರಿಯಾಗೇ ಇರುತ್ತದೆ, ಬಾವಿಯಲ್ಲಿ ನೀರೂ ಇರುತ್ತದೆ. ಆದರೆ ವೋಲ್ಟೇಜ್ ಇಲ್ಲದಿದ್ದರೆ ಪಂಪು ಬರೀ ಗುಂಯ್ ಅನ್ನುತ್ತದೆ, ನೀರು ಎತ್ತುವುದಿಲ್ಲ. ಮಂಡಿಯೊಳಗೆ ನೀರು ತುಂಬಿದಾಗ ತೊಡೆಗೂ ಹೀಗೇ ಆಗುತ್ತದೆ. ಮಂಡಿಯ ಒಳಗಿನ ನರಗಳು ಬೆನ್ನುಹುರಿಗೆ ಸಂದೇಶ ಕಳಿಸುತ್ತವೆ, ಬೆನ್ನುಹುರಿ ತೊಡೆಗೆ ಹೋಗುವ ಕರೆಂಟನ್ನು ತಗ್ಗಿಸುತ್ತದೆ. ನೋವು ಇರಲೇಬೇಕೆಂದಿಲ್ಲ. 1984ರಲ್ಲೇ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಆರೋಗ್ಯವಂತರ ಮಂಡಿಗೆ ಬರೀ ಸಲೈನ್ ತುಂಬಿಸಿದರು. 20ರಿಂದ 30 ಮಿಲಿಲೀಟರ್ ಆಗುವಾಗಲೇ ತೊಡೆಯ ಒಳಬದಿಯ ಸ್ನಾಯು ಮಂಕಾಯಿತು. 50–60 ಮಿಲಿಲೀಟರ್ ಆದಾಗ ಉಳಿದವೂ ಮಂಕಾದವು. 30 ಮಿಲಿಲೀಟರ್ ಅಂದರೆ ಆರು ಟೀ ಚಮಚ. ಅಷ್ಟೇ ಸಾಕು.

ಕರೆಂಟ್ ಕಡಿಮೆ ಆದ ಸ್ನಾಯುವಿಗೆ ಕೆಲಸ ಕಡಿಮೆ. ಕೆಲಸ ಕಡಿಮೆ ಆದರೆ ಅದು ಸೊರಗುತ್ತದೆ. ಈಗ ತೊಂದರೆ ಎರಡಾಯಿತು: ವೋಲ್ಟೇಜೂ ಇಲ್ಲ, ಪಂಪೂ ಸಣ್ಣದು. ವೋಲ್ಟೇಜ್ ಸರಿಮಾಡದೆ ವ್ಯಾಯಾಮ ಮಾತ್ರ ಮಾಡಿಸಿದರೆ ತೊಡೆ ಸುಮ್ನೆ ದಣಿಯುತ್ತದೆ. ವೋಲ್ಟೇಜ್ ಬಂದ ಮೇಲೆ ಭಾರ ಹೊರಿಸದಿದ್ದರೆ ಪಂಪು ಸಣ್ಣದಾಗೇ ಉಳಿಯುತ್ತದೆ.

ದಣಿವಿನ ಲೆಕ್ಕ ಇನ್ನೂ ಸುಲಭ. ಒಂದು ಮೆಟ್ಟಿಲು ಹತ್ತಲು ತೊಡೆ 15 ಕೆಜಿಯಷ್ಟು ಬಲ ಕೊಡಬೇಕು ಅಂತಿಟ್ಟುಕೊಳ್ಳಿ. 52 ಇರುವ ಕಾಲಿಗೆ ಅದು ನೂರರಲ್ಲಿ 29 ಪಾಲು. 27 ಇರುವ ಕಾಲಿಗೆ 56 ಪಾಲು. ಮೆಟ್ಟಿಲು ಒಂದೇ, ಆದರೆ ಬಲಗಾಲಿಗೆ ಖರ್ಚು ಎರಡು ಪಟ್ಟು. ಅವನು ನಮ್ಮ ಹದಿನೆಂಟು ಮೆಟ್ಟಿಲಲ್ಲಿ ಎರಡು ಕಡೆ ನಿಂತದ್ದು ಇದಕ್ಕೇ. ಮನಸ್ಸಿನ ಹೆದರಿಕೆ, ಸೋಮಾರಿತನ ಅಂತ ಮನೆಯಲ್ಲಿ ಯಾರೋ ಹೇಳಿದ್ದರಂತೆ. ಈ ಲೆಕ್ಕ ಕಾಗದದಲ್ಲಿ ಬರೆದು ಕೊಟ್ಟೆ. ಅದನ್ನು ಅವನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡ.

ಹದಿನಾಲ್ಕು ವಾರದಲ್ಲಿ ಏನಾಗಿತ್ತು

ಮನೆ ಹತ್ತಿರದ ಒಂದು ಕಡೆ ಅವನು ಚಿಕಿತ್ಸೆ ತೆಗೆದುಕೊಂಡಿದ್ದ. ಬಿಸಿ ದೀಪ, ಜುಮ್ಮೆನ್ನುವಷ್ಟು ಕರೆಂಟ್, ಮಲಗಿ ಕಾಲು ನೆಟ್ಟಗೆ ಎತ್ತುವುದು ಹತ್ತು ಸಲ. ಒಂದು ಕೆಜಿಯ ಮರಳಚೀಲಕ್ಕಿಂತ ಜಾಸ್ತಿ ಭಾರವನ್ನು ಆ ಕಾಲು ಕಂಡಿರಲಿಲ್ಲ. ಹೊಸ ಲಿಗಮೆಂಟಿಗೆ ಏನಾದರೂ ಆದೀತು ಅಂತ ಹೆದರಿಕೆ. ಹೆದರಿಕೆಗೆ ಕಾರಣ ಇಲ್ಲದೆ ಇಲ್ಲ. ಕೂರಿಸಿದ ನರಪಟ್ಟಿ ಮೊದಲ ತಿಂಗಳುಗಳಲ್ಲಿ ಗಟ್ಟಿಯಾಗುವ ಮೊದಲು ಮೆತ್ತಗಾಗುತ್ತದೆ. ಎರಡು ಮೂರನೇ ತಿಂಗಳ ಹೊತ್ತಿಗೆ ಜೋಪಾನ ಬೇಕು. ಪೂರ್ತಿ ಬಲಿಯಲು ಒಂದು ವರ್ಷದ ಮೇಲೆ ಬೇಕು. ಆದರೆ ಜೋಪಾನ ಅಂದರೆ ಕೆಲಸವನ್ನೇ ಕೊಡದಿರುವುದು ಅಲ್ವಲ್ಲ.

ಇನ್ನೊಂದು ವಿಷಯ ಊಟದ್ದು. ನಮ್ಮಲ್ಲಿ ಆಪರೇಷನ್ ಆದವರಿಗೆ ಮೀನು, ಮೊಟ್ಟೆ ನಂಜು ಅನ್ನುತ್ತಾರೆ. ಗಾಯ ಮಾಗುವುದಿಲ್ಲ ಅಂತ. ಹಾಗಾಗಿ ಆರು ವಾರ ಕುಚ್ಚಲಕ್ಕಿ ಗಂಜಿ, ತೊಗರಿ ತಿಳಿಸಾರು. ಅದರ ಮೇಲೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಮೀನು ಸಿಕ್ಕಿದರೂ ಮುಟ್ಟಲಾಗದ ರೇಟು. ಅಮ್ಮ ಬೀಡಿ ಕಟ್ಟಿ ಮನೆ ನಡೆಸುವವರು. ಮಗನಿಗೆ ಒಳ್ಳೆಯದಾಗಲಿ ಅಂತಲೇ ಪಥ್ಯ ಮಾಡಿದ್ದರು. ನಾನು ಅವರನ್ನು ಬೈಯಲಿಲ್ಲ. "ಅಮ್ಮ, ಸೊರಗಿದ ಸ್ನಾಯುವನ್ನು ಮತ್ತೆ ಕಟ್ಟಬೇಕಾದರೆ ಕಲ್ಲು ಸಿಮೆಂಟು ಬೇಕಲ್ವಾ?" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಬೂತಾಯಿ ಕೊಡ್ಬಹುದಾ ಮೇಡಂ?" ಅಂದರು. ಬೂತಾಯಿ, ಬಂಗುಡೆ, ಮೊಟ್ಟೆ, ಹುರುಳಿ ಸಾರು, ಮೊಸರು, ನೆಲಗಡಲೆ. 62 ಕೆಜಿಯ ಹುಡುಗನಿಗೆ ದಿನಕ್ಕೆ 100 ಗ್ರಾಂ ಹತ್ತಿರ ಪ್ರೋಟೀನ್ ಗುರಿ ಇಟ್ಟೆವು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಬಂಗುಡೆಯಲ್ಲಿ ಸುಮಾರು 20 ಗ್ರಾಂ. ಡಬ್ಬಿಯ ಪುಡಿ ಬೇಕಾಗಲಿಲ್ಲ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಬಂತು, ವೈದ್ಯರು ಔಷಧಿ ಕೊಟ್ಟರು. ಅದರಿಂದಲೇ ತೊಡೆ ಸುಧಾರಿಸಿತು ಅಂತ ಮಾತ್ರ ನಾನು ಹೇಳಲಾರೆ.

ಮೊದಲು ನೀರು ಇಳಿಸಿದ್ದು

ಅವನಿಗೆ ನವೆಂಬರಿನಲ್ಲಿ ಮೇಳ ಹೊರಡುವಾಗ ಹೋಗಬೇಕಿತ್ತು. ಆಗುವುದಿಲ್ಲ ಅಂತ ಮೊದಲ ದಿನವೇ ಹೇಳಿದೆ. ಎಸಿಎಲ್ ಆಪರೇಷನ್ ಆದವರ ಮೇಲೆ ನಾರ್ವೆ ಮತ್ತು ಅಮೆರಿಕದವರು ಸೇರಿ ಮಾಡಿದ, 2016ರಲ್ಲಿ ಬಂದ ಒಂದು ಅಧ್ಯಯನ ಇದೆ. ಒಂಬತ್ತು ತಿಂಗಳ ತನಕ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದ ಹಾಗೆ ಮತ್ತೆ ಮಂಡಿಗೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಎರಡೂ ತೊಡೆಯ ಬಲ ಸಮಕ್ಕೆ ಬಂದವರು ಇನ್ನೂ ಕ್ಷೇಮ. ಅವರೆಲ್ಲ ಆಟಗಾರರು, ಅದರಲ್ಲಿ ಯಕ್ಷಗಾನದವರು ಇರಲಿಲ್ಲ. ಆದರೆ ಧೀಂಗಿಣ ಮಂಡಿಯಿಂದ ಕೇಳುವುದು ಫುಟ್ಬಾಲಿಗಿಂತ ಕಡಿಮೆ ಅಂತ ನನಗನ್ನಿಸುವುದಿಲ್ಲ.

ಅವನು ಒಂದು ವಾರ ಬರಲಿಲ್ಲ. ಆಮೇಲೆ ಬಂದು, "ಎಂತ ಮಾಡ್ಬೇಕು ಹೇಳಿ" ಅಂದ.

ಮೊದಲ ಕೆಲಸ ತಲೆದಿಂಬು ತೆಗೆದದ್ದು. ಮಂಡಿಯ ಕೆಳಗಿನ ದಿಂಬಿನ ಬದಲು ಹಿಮ್ಮಡಿಯ ಕೆಳಗೆ ಸುತ್ತಿದ ಬೈರಾಸು (ಟವೆಲು). ಮಂಡಿ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಹತ್ತು ನಿಮಿಷ, ದಿನಕ್ಕೆ ನಾಲ್ಕು ಸಲ. ಮಂಚದಲ್ಲಿ ಕವುಚಿ ಮಲಗಿ ಕಾಲು ಹೊರಗೆ ಇಳಿಬಿಡುವುದೂ ಸೇರಿತು. ಮೂರು ವಾರದಲ್ಲಿ 5 ಡಿಗ್ರಿ ಬಂತು. ಬರದಿದ್ದರೆ ಸರ್ಜನ್ ಹತ್ತಿರ ವಾಪಸ್ ಕಳಿಸುವವಳಿದ್ದೆ. ಹೊಸ ಲಿಗಮೆಂಟಿನ ಮುಂದೆ ಗಾಯದ ಗಂಟು ಬೆಳೆದು ಮಂಡಿಗೆ ಅಡ್ಡ ನಿಲ್ಲುವುದುಂಟು, ಅದು ವ್ಯಾಯಾಮಕ್ಕೆ ಹೋಗುವುದಿಲ್ಲ.

ನೀರಿಗೆ ಐಸು, ಕಾಲು ಎತ್ತರಿಸಿ ಇಡುವುದು, ನಡೆಯುವುದನ್ನು ಸ್ವಲ್ಪ ಕಡಿಮೆ ಮಾಡುವುದು. ಅವನು ಛಲದಿಂದ ದಿನಾ ಎರಡು ಮೈಲಿ ನಡೆಯುತ್ತಿದ್ದ, ಅದೇ ನೀರನ್ನು ಉಳಿಸಿತ್ತು. ಜೊತೆಗೆ ತೊಡೆಗೆ ಕರೆಂಟ್. ಜುಮ್ಮೆನ್ನುವ ಕರೆಂಟ್ ಸಾಲದು. ಸ್ನಾಯು ಕಣ್ಣಿಗೆ ಕಾಣುವಂತೆ ಗಂಟು ಕಟ್ಟಬೇಕು, ಸಹಿಸಬಹುದಾದ ಮಟ್ಟದ ತುದಿಗೆ ಹೋಗಬೇಕು. ಹತ್ತು ಸೆಕೆಂಡು ಬಿಗಿ, ಐವತ್ತು ಸೆಕೆಂಡು ಬಿಡುವು, ಹದಿನೈದು ಸಲ. ಯಂತ್ರ ಬಿಗಿಸುವಾಗ ಅವನೂ ಒಟ್ಟಿಗೆ ಬಿಗಿಸಬೇಕು. ನಾಲ್ಕನೇ ಸಲ ಬಂದಾಗ ಯಂತ್ರ ಹಚ್ಚುವ ಮೊದಲೇ ಹೇಳಿದ: "ಮೇಡಂ ನೋಡಿ." ಮಂಡಿಚಿಪ್ಪಿನ ಒಳಬದಿಯಲ್ಲಿ, ಅಷ್ಟು ದಿನ ಬರೀ ನಡುಗುತ್ತಿದ್ದ ಜಾಗದಲ್ಲಿ, ಸ್ನಾಯು ಹುಣಸೆಬೀಜದಂತೆ ಉಬ್ಬಿ ನಿಂತಿತ್ತು. ಚಿಪ್ಪು ಒಂದು ಬೆರಳು ಮೇಲಕ್ಕೆ ಸರಿಯಿತು. ನಾವಿಬ್ಬರೂ ಅದನ್ನೇ ನೋಡುತ್ತಾ ಕೂತೆವು.

ಭಾರ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಯಾಕೆಂದರೆ ಇದರಲ್ಲಿ ಗುಟ್ಟು ಏನೂ ಇಲ್ಲ, ಬರೀ ಹಟ. ವಾರಕ್ಕೆ ಎರಡು ದಿನ ಉಡುಪಿಯಲ್ಲಿ, ಒಂದು ದಿನ ಮನೆಯಲ್ಲಿ. ಲೆಗ್ ಪ್ರೆಸ್, ಕೂತು ಕಾಲು ಚಾಚುವ ಯಂತ್ರ. ಅದನ್ನು ಮೊದಲು 90ರಿಂದ 45 ಡಿಗ್ರಿವರೆಗೆ ಮಾತ್ರ ಮಾಡಿಸಿ, ಆಮೇಲೆ ಮೆಲ್ಲ ಪೂರ್ತಿ ಚಾಚಲು ಬಿಟ್ಟೆವು. ನರಪಟ್ಟಿ ತೆಗೆದ ಹಿಂಬದಿಗೂ ಅಷ್ಟೇ ಕೆಲಸ. ಮನೆಯಲ್ಲಿ ಅಂಗಳದ ಮುರಕಲ್ಲೇ (ಕೆಂಪುಕಲ್ಲು) ಮೆಟ್ಟಿಲಾಯಿತು. ಅದರ ಮೇಲೆ ಬಲಗಾಲಿನಲ್ಲಿ ನಿಂತು ಎಡ ಹಿಮ್ಮಡಿ ನೆಲಕ್ಕೆ ತಾಗುವಷ್ಟು ಮೆಲ್ಲ ಇಳಿದು ಮತ್ತೆ ಏಳುವುದು. ಬೆನ್ನಿನ ಚೀಲದಲ್ಲಿ ಐದು ಕೆಜಿ ಕುಚ್ಚಲಕ್ಕಿ, ಆಮೇಲೆ ಹತ್ತು.

ಭಾರ ಎಷ್ಟಿರಬೇಕು? ಎಂಟು ಸಲ ಎತ್ತಿದ ಮೇಲೆ "ಇನ್ನು ಎರಡು ಆದೀತು, ಅದಕ್ಕಿಂತ ಇಲ್ಲ" ಅನ್ನುವಷ್ಟು. ಇಪ್ಪತ್ತು ಸಲ ಆರಾಮವಾಗಿ ಎತ್ತುವ ಭಾರದಿಂದ ಸೋತ ತೊಡೆಗೆ ಬಲ ಬರುವುದು ಕಷ್ಟ. ನೋವು ಹತ್ತರಲ್ಲಿ ಮೂರರ ಒಳಗೆ ಇದ್ದರೆ ಮುಂದುವರಿಸು, ಮಾರನೇ ದಿನ ಬೆಳಿಗ್ಗೆ ಆ ಅಲೆ ಮತ್ತೆ ಎದ್ದರೆ ಭಾರ ಇಳಿಸು. ಅಲೆ ನೋಡುವುದನ್ನು ಅವನೇ ಕಲಿತ. ಅಮ್ಮನಿಗೂ ಕಲಿಸಿದ.

ಬಲತೊಡೆಯ ಬಲ ನವೆಂಬರ್ ಮೊದಲಲ್ಲಿ 34 ಕೆಜಿ. ಡಿಸೆಂಬರ್ ನಡುವಿನಲ್ಲಿ, ಆರು ತಿಂಗಳಿಗೆ, 41. ಎಡಗಾಲು ಅಷ್ಟರಲ್ಲಿ 53 ಆಗಿತ್ತು. ಜನವರಿಯಲ್ಲಿ ಸಣ್ಣ ಜಿಗಿತ ಶುರು ಮಾಡಿದೆವು. ಜನವರಿ ಕೊನೆಗೆ 46, ನೂರಕ್ಕೆ 87. ಒಂಟಿಕಾಲಿನಲ್ಲಿ ಮುಂದಕ್ಕೆ ಹಾರುವ ದೂರ ಎಡಗಾಲಿನ ನೂರಕ್ಕೆ 92. ನೀರಿಲ್ಲ.

ನಾನು ತಪ್ಪಿದ್ದು

ಮೇಳದವರು ಅವನ ಜಾಗ ಇಟ್ಟುಕೊಂಡಿದ್ದರು. ಫೆಬ್ರವರಿಯಲ್ಲಿ ಒಂದು ಸಣ್ಣ ವೇಷ ಮಾಡ್ಲಾ ಅಂತ ಕೇಳಿದ. ಹಾರುವುದಿಲ್ಲ, ಧೀಂಗಿಣ ಇಲ್ಲ, ಇಪ್ಪತ್ತು ನಿಮಿಷ. ಅಂಕಿಗಳು ಚೆನ್ನಾಗಿದ್ದವು. ನಾನು ಹೂಂ ಅಂದೆ.

ಮಾರನೇ ದಿನ ಮಧ್ಯಾಹ್ನ ಬಂದಾಗ ಅಲೆ ನೋಡಬೇಕಾದ್ದೇ ಇರಲಿಲ್ಲ, ಮಂಡಿ ಕಣ್ಣಿಗೇ ಊದಿ ಕಾಣುತ್ತಿತ್ತು. "ಹತ್ತು ನಿಮಿಷ ಏನೂ ಗೊತ್ತಾಗ್ಲಿಲ್ಲ ಮೇಡಂ. ಆಮೇಲೆ ಖಾಲಿ ಆಯ್ತು. ಬಿಟ್ಟು ಬರ್ಲಿಕ್ಕೆ ಆಗ್ತದಾ, ಭಾಗವತರು ಪದ ಹೇಳ್ತಾ ಇದ್ದಾರೆ."

ಅದೇ ಮಾತು. ಮೊದಲ ದಿನ ನಾನೇ ಬರೆದಿಟ್ಟ ಮಾತು. ಬಲವನ್ನು ಅಳೆದೆ, ಜಿಗಿತ ಅಳೆದೆ, ಎಲ್ಲವನ್ನೂ ಅವನು ಬಸ್ಸಿನಿಂದ ಇಳಿದು ಅರ್ಧ ಗಂಟೆ ಆರಾಮ ಮಾಡಿದ ಮೇಲೆ ಅಳೆದೆ. ದಣಿದ ಕಾಲನ್ನು ಒಮ್ಮೆಯೂ ಅಳೆಯಲಿಲ್ಲ. ಅವನು ಹೇಳಿದ್ದೇ ದಣಿವಿನ ಬಗ್ಗೆ ಆಗಿತ್ತು. 2004ರಷ್ಟು ಹಿಂದೆಯೇ ಸ್ವೀಡನ್‌ನಲ್ಲಿ ಇದನ್ನು ತೋರಿಸಿದ್ದರು. ಎಸಿಎಲ್ ಆಪರೇಷನ್ ಆಗಿ ಹನ್ನೊಂದು ತಿಂಗಳಾದ 19 ಗಂಡಸರು. ದಣಿಯುವ ಮೊದಲು ಹಾರಿದಾಗ ಎಲ್ಲರೂ ಪಾಸು. ತೊಡೆಯನ್ನು ದಣಿಸಿ ಹಾರಿಸಿದಾಗ ಮೂರರಲ್ಲಿ ಎರಡು ಪಾಲು ಜನ ಫೇಲು. ಓದಿ ಗೊತ್ತಿದ್ದೂ ನಾನು ಮಾಡಿರಲಿಲ್ಲ. ಅದನ್ನು ಅವನಿಗೆ ಹೇಳಿ ಕ್ಷಮೆ ಕೇಳಿದೆ.

ಊತ ಇಳಿಯಲು ಎರಡು ವಾರ ಬೇಕಾಯಿತು. ಲಿಗಮೆಂಟಿಗೆ ಏನೂ ಆಗಿಲ್ಲ ಅಂತ ಸರ್ಜನ್ ನೋಡಿ ಹೇಳಿದರು.

ಚೆಂಡೆಯ ಹತ್ತು ನಿಮಿಷ

ದಣಿಸುವುದಕ್ಕೆ ಬೇರೆ ಯಂತ್ರ ಬೇಕಾಗಲಿಲ್ಲ. ಅವನ ಮೊಬೈಲಿನಲ್ಲೇ ಚೆಂಡೆ-ಮದ್ದಳೆಯ ಹತ್ತು ನಿಮಿಷದ ರೆಕಾರ್ಡಿಂಗ್ ಇತ್ತು. ನಮ್ಮ ಹಾಲಿನಲ್ಲಿ ಪ್ಲೈವುಡ್ ಹಲಗೆ ಹಾಸಿ, ಗೆಜ್ಜೆ ಕಟ್ಟಿಸಿ, ಅಷ್ಟೂ ಹೊತ್ತು ಕುಣಿಯಲು ಹೇಳಿದೆ, ಜಿಗಿತ ಬಿಟ್ಟು.

ಮೊದಲ ಐದು ನಿಮಿಷ ಕಣ್ಣಿಗೆ ಯಾವ ದೋಷವೂ ಇಲ್ಲ. ಆರನೇ ನಿಮಿಷದಲ್ಲಿ ನಾನು ಕಣ್ಣು ಮುಚ್ಚಿ ಕೇಳಿದೆ. ಎಡಗಾಲು ಇಳಿದರೆ ಗೆಜ್ಜೆಯೆಲ್ಲ ಒಟ್ಟಿಗೆ ಝಲ್. ಬಲಗಾಲು ಇಳಿದರೆ ಮೊದಲು ಹಲಗೆಯ ಧಡ್, ಆಮೇಲೆ ಗೆಜ್ಜೆ. ತೊಡೆ ಭಾರವನ್ನು ಮೆಲ್ಲ ಇಳಿಸುವುದು ಬಿಟ್ಟು ನೆಲಕ್ಕೆ ಹಾಕುತ್ತಿತ್ತು. ಎಂಟನೇ ನಿಮಿಷಕ್ಕೆ ಮಂಡಿ ಒಳಕ್ಕೆ ವಾಲತೊಡಗಿತು, ಮೈ ಎಡಕ್ಕೆ ಸರಿಯಿತು. ಮುಗಿದ ಕೂಡಲೇ ಒಂಟಿಕಾಲಿನಲ್ಲಿ ಹಾರಿಸಿದೆ. ಊತ ಬರುವ ಮೊದಲು ನೂರಕ್ಕೆ 92 ಇದ್ದದ್ದು 74.

ಗೆಜ್ಜೆಯ ಸದ್ದಿನ ವಿಷಯ ಹೇಳಿದಾಗ ಅವನ ಮುಖ ಬೆಳಗಿತು. ಅಂಕಿ ಅಂಶ ನನ್ನ ಭಾಷೆ, ಇದು ಅವನ ಭಾಷೆ. ಅವತ್ತಿನಿಂದ ಅವನೇ ತನ್ನ ಕಾಲನ್ನು ಕೇಳತೊಡಗಿದ.

ಮುಂದಿನ ಹನ್ನೆರಡು ವಾರ ಭಾರದ ಎರಡು ದಿನ ಹಾಗೇ ಉಳಿಯಿತು. ಅದನ್ನು ಬಿಡಬಾರದು, ತಳದ ಬಲ ಏರಿದಷ್ಟೂ ಒಂದೊಂದು ಹೆಜ್ಜೆಯ ಖರ್ಚು ಇಳಿಯುತ್ತದೆ. ಅದರ ಜೊತೆ ಎರಡು ದಿನ ದಣಿವಿನ ಕೆಲಸ. ಹಗುರ ಭಾರದಲ್ಲಿ ಇಪ್ಪತ್ತೈದು, ಮೂವತ್ತು ಸಲ, ನಡುವೆ ಅರ್ಧ ನಿಮಿಷವಷ್ಟೇ ಬಿಡುವು. ಸೈಕಲ್. ತಾಳಕ್ಕೆ ಸರಿಯಾಗಿ ಮುರಕಲ್ಲು ಹತ್ತಿ ಇಳಿಯುವುದು. ಕುಣಿತ ನಾಲ್ಕು ನಿಮಿಷದಿಂದ ಶುರು. ಧಡ್ ಕೇಳಿದಲ್ಲಿ ನಿಲ್ಲಿಸಬೇಕು, ಎಷ್ಟು ನಿಮಿಷ ಅಂತ ಬರೆದಿಡಬೇಕು. ನಾಲ್ಕು, ಆರು, ಆರು, ಐದು, ಒಂಬತ್ತು, ಹೀಗೆ ಹೋಯಿತು. ಐದಕ್ಕೆ ಇಳಿದ ವಾರ ಅವನು ಮೂರು ರಾತ್ರಿ ನಿದ್ದೆಗೆಟ್ಟು ಮೇಳದ ಜೊತೆ ಚೌಕಿಯಲ್ಲಿ ಸಹಾಯಕ್ಕೆ ಹೋಗಿದ್ದ. ನಿದ್ದೆ ಇಲ್ಲದ ತೊಡೆಗೆ ದಣಿವು ಬೇಗ, ಅದು ಅವನ ಪುಸ್ತಕದಲ್ಲೇ ಕಂಡಿತು.

ಏಪ್ರಿಲ್‌ನಲ್ಲಿ ಧೀಂಗಿಣ, ಮೊದಲು ಮೆತ್ತೆಯ ಮೇಲೆ ಅರ್ಧ ಸುತ್ತು. ಆಮೇಲೆ ಹಲಗೆಯ ಮೇಲೆ ಪೂರ್ತಿ ಒಂದು. ಆಮೇಲೆ ಚೀಲದಲ್ಲಿ ಐದು ಕೆಜಿ ಅಕ್ಕಿ ಹೊತ್ತು, ಯಾಕೆಂದರೆ ಕಿರೀಟ, ಭುಜಕೀರ್ತಿ, ಡಾಬು ಎಲ್ಲ ಮೈಮೇಲೆ ಇರುತ್ತದೆ. ಕೊನೆಗೆ ಹತ್ತು ನಿಮಿಷ ಕುಣಿದು, ದಣಿದ ಮೇಲೆ.

ಮೇ ನಡುವಿನಲ್ಲಿ, ಹನ್ನೊಂದು ತಿಂಗಳಿಗೆ, ತೊಡೆಯ ಬಲ 53ಕ್ಕೆ 50, ನೂರಕ್ಕೆ 94. ದಣಿಯುವ ಮೊದಲು ಹಾರಿದರೆ 97, ಚೆಂಡೆಯ ಹತ್ತು ನಿಮಿಷದ ಮೇಲೆ 91. ಹಿಂಬದಿಯ ಬಲ ಇನ್ನೂ 86ರಲ್ಲಿದೆ. ಸುತ್ತಳತೆಯಲ್ಲಿ ಒಂದು ಸೆಂಟಿಮೀಟರ್ ಬಾಕಿ ಉಳಿದಿದೆ. ಅದು ಉಳಿದರೂ ಪರವಾಗಿಲ್ಲ ಅಂತ ಅವನಿಗೆ ಹೇಳಿದ್ದೇನೆ.

ಪತ್ತನಾಜೆಗೆ ನಾಲ್ಕು ದಿನ ಇರುವಾಗ ಕಾರ್ಕಳದ ಹತ್ತಿರ ಅವರ ಬಯಲಾಟ ಇತ್ತು. ನಾನು ಹೋಗಿದ್ದೆ. ಅಮ್ಮ ಮುಂದಿನ ಸಾಲಿನಲ್ಲಿ ನನಗೆ ಕುರ್ಚಿ ಹಿಡಿದಿಟ್ಟಿದ್ದರು. ನಾವು ಮಾತಾಡಿಕೊಂಡಂತೆ ಆರು ಧೀಂಗಿಣ, ಏಳನೆಯದು ಇಲ್ಲ. ಅವನು ಪ್ರವೇಶ ಮಾಡಿ ಹದಿನೈದು ನಿಮಿಷ ಆದ ಮೇಲೆ ಧೀಂಗಿಣ ಬಂತು. ಸುತ್ತಲಿನವರು ಎದ್ದು ನಿಂತು ನೋಡಿದರು. ನಾನು ಕಣ್ಣು ಮುಚ್ಚಿದೆ. ಆರು ಸಲ ಗೆಜ್ಜೆ ಒಟ್ಟಿಗೆ ಕೇಳಿತು.

ಮಾರನೇ ದಿನ ಬೆಳಿಗ್ಗೆ ಹತ್ತಕ್ಕೆ ಮೊಬೈಲಿಗೆ ಒಂದು ಸಣ್ಣ ವೀಡಿಯೊ ಬಂತು. ಅಮ್ಮನ ಕೈ ಅವನ ಮಂಡಿಯ ಒಳಬದಿಯನ್ನು ಮೇಲಕ್ಕೆ ಒರೆಸಿ, ಹೊರಬದಿಯನ್ನು ಕೆಳಕ್ಕೆ ಒರೆಸಿ ಕಾಯುತ್ತದೆ. ಗುಳಿ ಗುಳಿಯಾಗೇ ಉಳಿಯುತ್ತದೆ. ಕೆಳಗೆ ಒಂದು ಸಾಲು: "ನಾಳೆ ಭಾರದ ದಿನ ಅಲ್ವಾ ಮೇಡಂ? ಎಂಟೂವರೆ ಬಸ್ಸಿಗೆ ಬರ್ತೇನೆ."